ಮೈ ನೋಯ್ತಿದ್ರೆ ಸಾಕಲ್ವಾ, ಮತ್ತೆ ಪುಸ್ತಕ ಯಾಕೆ?

ಪ್ರಶ್ನೆ: ಜಿಮ್‌ನಲ್ಲಿ ಎತ್ತಿದ್ದನ್ನೆಲ್ಲ ಬರೆದಿಡಲೇಬೇಕಾ? ಮರುದಿನ ಮೈ ನೋಯ್ತಿದ್ರೆ ವರ್ಕೌಟ್ ಚೆನ್ನಾಗಿ ಆಗಿದೆ ಅಂತ ಗೊತ್ತಾಗುತ್ತಲ್ಲ?

ಬರೆದಿಡಲೇಬೇಕು. ಈ ಮಾತನ್ನು ಹುಬ್ಬಳ್ಳಿಯಲ್ಲಿ, ಧಾರವಾಡದಲ್ಲಿ ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಪ್ರಶ್ನೆಯ ಮೊದಲರ್ಧಕ್ಕೆ ನಾಲ್ಕು ಸಾಲು ಸಾಕು. ಎರಡನೇ ಅರ್ಧ ಇದೆಯಲ್ಲ, ನೋವಿನ ಮಾತು, ಅದು ಹೊಲದಲ್ಲಿನ ಕರಿಕೆ ಇದ್ದ ಹಾಗೆ. ಎಷ್ಟು ಕಿತ್ತರೂ ಮತ್ತೆ ಚಿಗುರುತ್ತದೆ.

ಮೊದಲು ಆ ನಾಲ್ಕು ಸಾಲು. ದಿನಾಂಕ, ವ್ಯಾಯಾಮದ ಹೆಸರು, ತೂಕ, ಪ್ರತಿ ಸೆಟ್‌ನಲ್ಲಿ, ಅಂದರೆ ನಡುವೆ ಸುಧಾರಿಸಿಕೊಳ್ಳದೆ ಎತ್ತುವ ಒಂದು ಸುತ್ತಿನಲ್ಲಿ, ಎಷ್ಟು ಸಲ ಎತ್ತಿದಿರಿ. ಸೆಟ್ ಮುಗಿದ ಕೂಡಲೇ ಬರೆಯಿರಿ, ಮನೆಗೆ ಹೋಗಿ ನೆನಪು ಮಾಡಿಕೊಂಡು ಬೇಡ. ಎರಡೂ ತುದಿಗೆ ಪ್ಲೇಟ್ ಸಿಕ್ಕಿಸುವ ಕಬ್ಬಿಣದ ಬಾರ್‌ನ ತೂಕವನ್ನೂ ಸೇರಿಸಿ ಬರೆಯಿರಿ. ಸುಮ್ನೆ ‘ಒಂದೊಂದು ಕಡೆ 20’ ಅಂತ ಬರೆದರೆ ಆರು ತಿಂಗಳ ಮೇಲೆ ಅದು 40 ಕೆಜಿಯೋ 60 ಕೆಜಿಯೋ ನಿಮಗೇ ಗೊತ್ತಾಗುವುದಿಲ್ಲ. ವೇಟ್‌ಲಿಫ್ಟಿಂಗ್ ಸ್ಪರ್ಧೆಯಲ್ಲಿ ಗಂಡಸರ ಬಾರ್ 20 ಕೆಜಿ, ಹೆಂಗಸರದ್ದು 15. ನಮ್ಮ ಜಿಮ್‌ಗಳಲ್ಲಿರುವ ಬಾರ್ ಅಷ್ಟೇ ಇರುತ್ತದೆ ಅಂತ ನಂಬಬೇಡಿ, ಒಮ್ಮೆ ತಕ್ಕಡಿ ಮೇಲಿಟ್ಟು ನೋಡಿ.

ಇನ್ನು ನೋವು.

ಕಸುವು ಹೆಚ್ಚುವುದು ಭಾರ ಸ್ವಲ್ಪ ಸ್ವಲ್ಪವೇ ಏರಿದಾಗ. ಎರಡನೇ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರಿಗೆ ಅಮೆರಿಕದ ಸೇನಾ ವೈದ್ಯ ಥಾಮಸ್ ಡೆಲಾರ್ಮ್ ಭಾರ ಎತ್ತಿಸಿಯೇ ಕಾಲಿಗೆ ಬಲ ತುಂಬಿದರು, 1945ರಲ್ಲಿ ಅದನ್ನು ಪ್ರಕಟಿಸಿದರು. ಅವರ ಪದ್ಧತಿ ಸರಳ. ಹತ್ತು ಸಲ ಮಾತ್ರ ಎತ್ತಲು ಆಗುವ ಭಾರ ಎಷ್ಟು ಅಂತ ಕಂಡುಹಿಡಿ, ಅದರಿಂದ ಕೆಲಸ ಮಾಡಿಸು, ವಾರ ಕಳೆದ ಮೇಲೆ ಮತ್ತೆ ಅಳೆ. ಮರುದಿನ ಎಷ್ಟು ನೋವಾಯ್ತು ಅನ್ನುವುದು ಅಲ್ಲಿ ಅಳತೆಗೋಲೇ ಅಲ್ಲ.

ಮತ್ತೆ ಆ ನೋವು ಯಾತರದ್ದು? ‘ಲ್ಯಾಕ್ಟಿಕ್ ಆಸಿಡ್ ಸಾರ್’ ಅನ್ನುತ್ತಾರೆ, ಅಂದರೆ ಜೋರಾಗಿ ದುಡಿದಾಗ ಸ್ನಾಯುವಿನಲ್ಲಿ ಹುಟ್ಟುವ ಆಮ್ಲದ್ದು ಅಂತ. ಅಲ್ಲ. ವ್ಯಾಯಾಮ ನಿಲ್ಲಿಸಿದ ಸುಮಾರು ಒಂದು ತಾಸಿನಲ್ಲಿ ಅದು ರಕ್ತದಲ್ಲಿ ಮಾಮೂಲಿ ಮಟ್ಟಕ್ಕೆ ಇಳಿದಿರುತ್ತದೆ. ನೋವು ಜೋರಾಗುವುದು ಒಂದರಿಂದ ಮೂರು ದಿನದ ನಡುವೆ. ಸ್ನಾಯುವಿಗೆ ರೂಢಿಯಿಲ್ಲದ ಕೆಲಸ ಕೊಟ್ಟಾಗ, ಅದರಲ್ಲೂ ಭಾರ ಇಳಿಸುವಾಗ ಸ್ನಾಯು ಹಿಗ್ಗುತ್ತಲೇ ದುಡಿಯುವಾಗ, ಎಳೆಗಳಿಗೆ ಸಣ್ಣ ಪೆಟ್ಟು ಬೀಳುತ್ತದೆ. ಗುಡ್ಡ ಹತ್ತಿದ್ದಕ್ಕಿಂತ ಇಳಿದದ್ದಕ್ಕೇ ತೊಡೆ ಜಾಸ್ತಿ ನೋಯುವುದು ಇದಕ್ಕೇ. ಅದೇ ಕೆಲಸ ಎರಡನೇ ಸಲ ಮಾಡಿದರೆ ನೋವು ಕಡಿಮೆ, ರೂಢಿಯಾದ ಹಾಗೆ ಇನ್ನೂ ಕಡಿಮೆ. ಹೊಸತು ಅನ್ನುವುದಷ್ಟೇ ಆ ನೋವಿನ ಅರ್ಥ.

ಅಮರಗೋಳದ ಎಪಿಎಂಸಿಗೆ ಬೆಳಿಗ್ಗೆ ಹೋಗಿ ಹಮಾಲರನ್ನು ನೋಡಿ. ಚೀಲದ ಮೇಲೆ ಚೀಲ, ದಿನಾ. ಅವರಿಗೆ ದಿನಾ ಮೈ ನೋಯುತ್ತಿದ್ದರೆ ಮರುದಿನ ಕೆಲಸಕ್ಕೆ ಬರಲು ಆಗುತ್ತಿತ್ತಾ? ನೋವಿಲ್ಲ ಅಂತ ಅವರಿಗೆ ಕಸುವಿಲ್ಲ ಅನ್ನುತ್ತೀರಾ? ನೀವು ಒಂದು ದಿನ ಹತ್ತು ಚೀಲ ಹೊತ್ತರೆ ಮೂರು ದಿನ ಮೆಟ್ಟಿಲು ಇಳಿಯಲು ಆಗುವುದಿಲ್ಲ, ಹಾಗಂತ ಅವರಿಗಿಂತ ನೀವು ಗಟ್ಟಿ ಆದಿರಾ?

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ನಾನು ಮೊದಲು ಹೋಗುತ್ತಿದ್ದ ಜಿಮ್‌ನಲ್ಲಿ ಟ್ರೇನರ್ ವಾರವಾರ ವ್ಯಾಯಾಮ ಬದಲಿಸುತ್ತಿದ್ದರು, ಸ್ನಾಯುವಿಗೆ ಗೊಂದಲ ಆಗಬೇಕು ಅಂತ. ಪ್ರತಿ ವಾರ ಮೈ ನೋಯುತ್ತಿತ್ತು, ನಮಗೂ ಖುಷಿ. ಒಂದು ವರ್ಷವಾದ ಮೇಲೆ ಸ್ಕ್ವಾಟ್ (ಹೆಗಲ ಮೇಲೆ ಬಾರ್ ಹೊತ್ತು ಕೂತು ಏಳುವುದು) ಎಷ್ಟು ಏರಿದೆ ಅಂದರೆ ಒಬ್ಬರ ಹತ್ತಿರವೂ ಉತ್ತರವಿರಲಿಲ್ಲ. ಆ ವರ್ಷ ಹೋದದ್ದು ಇವತ್ತಿಗೂ ಹೊಟ್ಟೆ ಉರಿಸುತ್ತದೆ. ಆಮೇಲೆ 100 ಪುಟದ ಒಂದು ನೋಟ್‌ಬುಕ್ ತಂದೆ. ಅದರ ಒಂದು ಪುಟ ಹೀಗಿದೆ (ಮೊದಲು ಕೆಜಿ, ಆಮೇಲೆ ಮೂರು ಸೆಟ್‌ಗಳಲ್ಲಿ ಎಷ್ಟೆಷ್ಟು ಸಲ), ಮೂಲೆಯಲ್ಲಿ ಬೆವರು ಬಿದ್ದು ಶಾಯಿ ಹರಡಿದೆ:

‘ಸ್ಕ್ವಾಟ್ 60 – 5, 5, 4. ಕೊನೇದು ಏಳಲಿಲ್ಲ. ನಿದ್ದೆ 5 ತಾಸು.’
ಮುಂದಿನ ವಾರ: ‘60 – 5, 5, 5. ನೋವಿಲ್ಲ.’
ಅದರ ಮುಂದಿನ ವಾರ: ‘62.5 – 5, 5, 5. ನೋವಿಲ್ಲ.’

ನೋಡಿ, ನೋವಿಲ್ಲದ ವಾರಗಳಲ್ಲೇ ಭಾರ ಏರಿದೆ. ಎರಡೂ ಕಡೆ 1.25 ಕೆಜಿಯ ಪುಟ್ಟ ಪ್ಲೇಟ್, ಅಷ್ಟೇ. ಇಷ್ಟು ಸಣ್ಣ ವ್ಯತ್ಯಾಸ ಮೈಗೆ ತಿಳಿಯುವುದಿಲ್ಲ, ಹಾಳೆಗೆ ಮಾತ್ರ ತಿಳಿಯುತ್ತದೆ. ಆ ‘ನಿದ್ದೆ 5 ತಾಸು’ ಬರೆಯದಿದ್ದರೆ ನಾಲ್ಕಕ್ಕೆ ನಿಂತಿದ್ದು ಯಾಕೆ ಅಂತ ತಲೆ ಕೆಡಿಸಿಕೊಳ್ಳುತ್ತಿದ್ದೆ. (ಕೀಲಿನಲ್ಲಿ ಚುಚ್ಚುವ ನೋವು ಬೇರೆ. ಅದು ಬಂದರೆ ಅಲ್ಲಿಗೇ ನಿಲ್ಲಿಸಿ, ಯಾವ ವ್ಯಾಯಾಮದಲ್ಲಿ, ಎಷ್ಟು ಭಾರಕ್ಕೆ ಬಂತು ಅಂತ ಬರೆದುಕೊಂಡು ಡಾಕ್ಟರಿಗೆ ತೋರಿಸಿ.)

ಇದೆಲ್ಲ ಹೇಳಿದ ಮೇಲೂ ಕೆಲವರು ಮನಸ್ಸಿನಲ್ಲೇ ಇಟ್ಟುಕೊಳ್ಳುವ ಒಂದು ಪ್ರಶ್ನೆ ಇದೆ. ನಮ್ಮ ಗರಡಿ ಮನೆಯ ಪೈಲ್ವಾನರು ಯಾವ ಪುಸ್ತಕ ಬರೆದಿದ್ದರು? ನನಗೆ ಬಹಳ ಇಷ್ಟದ ಪ್ರಶ್ನೆ. ಗರಡಿಯಲ್ಲಿ ಕುಸ್ತಿ ಕಲಿಸುವ ವಸ್ತಾದರೇ ಪುಸ್ತಕ. ಯಾವ ಹುಡುಗ ನಿನ್ನೆ ಎಷ್ಟು ದಂಡ, ಎಷ್ಟು ಬಸ್ಕಿ ಹೊಡೆದ, ಯಾರು ಸರಿಯಾಗಿ ಉಣ್ಣುತ್ತಿಲ್ಲ ಅನ್ನುವುದು ಅವರ ತಲೆಯಲ್ಲಿರುತ್ತಿತ್ತು, ಯಾಕಂದರೆ ಅದೇ ಹುಡುಗರನ್ನು ಅವರು ವರ್ಷಗಟ್ಟಲೆ ದಿನಾ ನೋಡುತ್ತಿದ್ದರು. ಇನ್ನು ಜಾತ್ರೆಯಲ್ಲಿ ಪಂದ್ಯಕ್ಕೆ ಎತ್ತುವ ಸಂಗ್ರಾಣಿ ಕಲ್ಲು. ಅದಕ್ಕೆ ಪ್ಲೇಟ್ ಹಾಕಿ ತೆಗೆಯುವ ಹಾಗಿಲ್ಲ, ಹೋದ ವರ್ಷ ಎಷ್ಟು ಭಾರವಿತ್ತೋ ಈ ವರ್ಷವೂ ಅಷ್ಟೇ. ಹೋದ ಜಾತ್ರೆಯಲ್ಲಿ ಮೊಣಕಾಲಿನ ತನಕ ಬಂದಿದ್ದು ಈ ಸಲ ಹೆಗಲಿಗೆ ಬಂತು ಅಂದರೆ ಊರಿಗೆ ಊರೇ ಸಾಕ್ಷಿ. ನೀವು ಹೋಗುವ ಜಿಮ್‌ನಲ್ಲಿ ಟ್ರೇನರ್ ಒಬ್ಬರು, ಸಂಜೆ ಆರಕ್ಕೆ ಬರುವವರು ಮೂವತ್ತು ಜನ, ಬಾರ್ ಮೇಲಿನ ಭಾರ ಪ್ರತಿ ಸೆಟ್‌ಗೂ ಬೇರೆ. ಅಲ್ಲಿ ನಿಮ್ಮನ್ನು ನೆನಪಿಟ್ಟುಕೊಳ್ಳಲು ವಸ್ತಾದರೂ ಇಲ್ಲ, ಕಲ್ಲೂ ಇಲ್ಲ.