ಕಲ್ಲಿನ ಮೇಲೆ ಬರೀ ‘ಜೆ. ಮ್ಯಾಕ್‌ಡೊನಾಲ್ಡ್’ ಎಂದಿದೆ. ಇವನು ಯಾರ ಮಗ?

ಪ್ರಶ್ನೆ: ಸ್ಕಾಟ್ಲೆಂಡಿನ ಒಂದು ಹಳ್ಳಿಯಲ್ಲಿ ನೆಲೆಸಿದ್ದೇವೆ. ಇಲ್ಲಿನ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಯ ಪ್ರದೇಶ) ಯುದ್ಧ ಸ್ಮಾರಕದ ಮೇಲೆ ಮೊದಲ ಮಹಾಯುದ್ಧದಲ್ಲಿ ಸತ್ತವರ ಹೆಸರುಗಳಿವೆ. ಇನಿಷಿಯಲ್ ಮತ್ತು ಮನೆಹೆಸರು ಬಿಟ್ಟರೆ ಬೇರೇನೂ ಇಲ್ಲ. ಹುಡುಕಲು ಹೋದರೆ ಒಂದೊಂದು ಹೆಸರಿಗೂ ರಾಶಿ ಸೈನಿಕರು ಸಿಗುತ್ತಾರೆ. ಈ ಊರಿನವನು ಇವನೇ ಎಂದು ಖಚಿತಪಡಿಸಿಕೊಳ್ಳುವುದು ಹೇಗೆ?

ಉತ್ತರ: ಹೆಸರಿನಿಂದ ಶುರು ಮಾಡಿದ್ದೇ ತೊಡಕು. ಸ್ಕಾಟಿಷ್ ಮನೆಗಳಲ್ಲಿ ಹಿರಿಯ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯ ಹೆಸರು ಇಡುವ ವಾಡಿಕೆ ಬಹುಕಾಲ ನಡೆದು ಬಂತು. ತಾತನ ಹೆಸರು ಮೊಮ್ಮಗನಿಗೆ ಬರುವುದು ನಮಗೂ ಹೊಸದಲ್ಲ, ಅದರ ಫಲವೂ ಗೊತ್ತಿರುವುದೇ: ನಾಲ್ವರು ಅಣ್ಣತಮ್ಮಂದಿರ ಹಿರಿಯ ಗಂಡುಮಕ್ಕಳಿಗೆಲ್ಲ ಒಂದೇ ಹೆಸರು, ಒಂದೇ ಪ್ಯಾರಿಷ್, ಹೆಚ್ಚುಕಡಿಮೆ ಒಂದೇ ವಯಸ್ಸು. ಸೈನ್ಯ ಇವರನ್ನು ನಂಬರಿನಿಂದ ಬೇರೆ ಮಾಡಿತು, ಊರು ಮನೆಯಿಂದ ಬೇರೆ ಮಾಡಿತು. ಕಲ್ಲಿನ ಮೇಲೆ ಎರಡೂ ಇಲ್ಲ. ಹಾಗಾಗಿ ನಂಬರನ್ನೂ ಮನೆಯನ್ನೂ ಒಟ್ಟಿಗೆ ಹೇಳುವ ಒಂದು ಕಾಗದ ಕೈಗೆ ಬರುವವರೆಗೆ ಯಾರನ್ನೂ ‘ಇವನೇ’ ಎನ್ನಬೇಡಿ.

ಮೊದಲು ಊರಿನಲ್ಲೇ ಕೆಲಸವಿದೆ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಸ್ಮಾರಕದ ಫೋಟೊ ತೆಗೆಯಿರಿ. ಮಧ್ಯಾಹ್ನದ ಬೆಳಕಿನಲ್ಲಿ ಸವೆದ ಅಕ್ಷರ ಓದಲಾಗದು, ‘ಐ’ ಮತ್ತು ‘ಜೆ’ ಒಂದೇ ಥರ ಕಾಣುತ್ತವೆ. ಹೆಸರುಗಳು ಅಕಾರಾದಿಯಲ್ಲಿದ್ದು ಕೊನೆಯ ಒಂದೆರಡು ಮಾತ್ರ ಕ್ರಮ ತಪ್ಪಿದ್ದರೆ ಅವನ್ನು ಆಮೇಲೆ ಸೇರಿಸಿರಬಹುದು. ಗಾಯದಿಂದಲೋ ಕಾಯಿಲೆಯಿಂದಲೋ ತಡವಾಗಿ ಸತ್ತವರನ್ನು ಅಲ್ಲಿ ನೋಡಿ. ನಂತರ ಊರಿನ ಇತರ ಫಲಕಗಳು. 1929ರವರೆಗೆ ಚರ್ಚ್ ಆಫ್ ಸ್ಕಾಟ್ಲೆಂಡ್ ಬೇರೆ, ಯುನೈಟೆಡ್ ಫ್ರೀ ಚರ್ಚ್ ಬೇರೆ. ಹಲವು ಹಳ್ಳಿಗಳಲ್ಲಿ ಎರಡಕ್ಕೂ ತಮ್ಮದೇ ಫಲಕಗಳಿದ್ದವು. ಪ್ಯಾರಿಷ್ ಕಲ್ಲಿನಲ್ಲಿ ಇನಿಷಿಯಲ್ ಮಾತ್ರ ಇರುವವನಿಗೆ ಅಲ್ಲಿ ಪೂರ್ತಿ ಹೆಸರು, ರೆಜಿಮೆಂಟ್ ಸಿಕ್ಕರೂ ಸಿಕ್ಕೀತು. ಶಾಲೆ, ಅಂಚೆ ಕಚೇರಿ, ರೈಲು ನಿಲ್ದಾಣವನ್ನೂ ಬಿಡಬೇಡಿ.

ಇವೆಲ್ಲಕ್ಕಿಂತ ಬೆಲೆಯುಳ್ಳದ್ದು ಚರ್ಚಿನ ಹಿಂದಿನ ಸ್ಮಶಾನ. ಮಗನ ದೇಹ ಫ್ರಾನ್ಸಿನಲ್ಲಿದ್ದರೂ ತಂದೆತಾಯಿಯ ಗೋರಿಕಲ್ಲಿನ ಕೆಳಭಾಗದಲ್ಲಿ ಅವನ ಹೆಸರು, ಸತ್ತ ತಾರೀಖು, ಸ್ಥಳ ಕೆತ್ತಿಸುವುದು ಸಾಮಾನ್ಯವಾಗಿತ್ತು. ಅಂಥ ಒಂದು ಸಾಲು ಸಿಕ್ಕರೆ ಮನೆ ಮತ್ತು ಸಾವು ಒಂದೇ ಕಡೆ ಸಿಕ್ಕಂತೆ. ಇಲ್ಲೊಂದು ವಿಷಯ ನೆನಪಿರಲಿ: ಸ್ಕಾಟಿಷ್ ಗೋರಿಕಲ್ಲುಗಳಲ್ಲೂ ಕಾನೂನು ಕಾಗದಗಳಲ್ಲೂ ಮದುವೆಯಾದ ಹೆಂಗಸು ತವರಿನ ಹೆಸರಿನಲ್ಲೇ ಕಾಣಿಸಿಕೊಳ್ಳುತ್ತಾಳೆ. ತಾಯಿಯ ಹೆಸರು ಫ್ರೇಸರ್, ಮಗನದು ಮ್ಯಾಕ್‌ಡೊನಾಲ್ಡ್ ಎಂದು ಆ ಕಲ್ಲನ್ನು ಬಿಟ್ಟು ಮುಂದೆ ಹೋಗಬೇಡಿ.

ಮನೆ ಹುಡುಕಲು ಸ್ಕಾಟ್ಲೆಂಡ್ಸ್‌ಪೀಪಲ್ ಜಾಲತಾಣವೇ ಆಧಾರ. ಸೂಚಿ ಹುಡುಕುವುದು ಉಚಿತ, ಪುಟದ ಚಿತ್ರ ತೆರೆಯಲು ಕ್ರೆಡಿಟ್ ಕೊಳ್ಳಬೇಕು. ಆದ್ದರಿಂದ ಸೂಚಿಯಲ್ಲೇ ಸೋಸಿಕೊಳ್ಳಿ. 1911ರ ಜನಗಣತಿಯಲ್ಲಿ ನಿಮ್ಮ ಪ್ಯಾರಿಷ್ ಆಯ್ದು, ಆ ಮನೆಹೆಸರಿನ ಗಂಡಸರ ಪಟ್ಟಿ ಮಾಡಿ. ಮ್ಯಾಕ್, ಮಕ್, ಬರೀ ‘ಎಂ’ ಮತ್ತು ಅಪಾಸ್ಟ್ರಫಿ, ಈ ಮೂರು ಬಗೆಯನ್ನೂ ಹಾಕಿ ನೋಡಬೇಕು. 1861ರಿಂದೀಚಿನ ಜನನ ದಾಖಲೆಯಲ್ಲಿ ತಂದೆತಾಯಿಯ ಮದುವೆ ಎಲ್ಲಿ, ಯಾವಾಗ ಆಯಿತೆಂಬುದೂ ಇರುತ್ತದೆ. ಒಂದೇ ಹೆಸರಿನ ದಾಯಾದಿಗಳನ್ನು ಬಿಡಿಸಲು ಇಷ್ಟು ಒಳ್ಳೆಯ ಸಾಧನ ಇನ್ನೊಂದಿಲ್ಲ.

ಪಟ್ಟಿಯಲ್ಲಿ ಅವನೇ ಇಲ್ಲವೇ? ಕೃಷಿ ಪ್ರದೇಶದ ಪ್ಯಾರಿಷ್ ಆಗಿದ್ದರೆ ಇದು ಮಾಮೂಲು. ಹೊಲಗೆಲಸದ ಆಳುಗಳನ್ನು ಅವಧಿ ಲೆಕ್ಕದಲ್ಲಿ ಗೊತ್ತುಮಾಡುತ್ತಿದ್ದರು. ಸಂಸಾರಸ್ಥರಿಗೆ ಸಾಮಾನ್ಯವಾಗಿ ಒಂದು ವರ್ಷ, ಒಂಟಿ ಗಂಡಸರಿಗೆ ಆರು ತಿಂಗಳು. ಬದಲಾಗುವ ದಿನಗಳು ಮೇ 28 ಮತ್ತು ನವೆಂಬರ್ 28. ಆ ದಿನ ಸಂಸಾರ ಸಮೇತ ಗಾಡಿ ಹೇರಿಕೊಂಡು ಇನ್ನೊಂದು ತೋಟದ ಮನೆಗೆ ಹೊರಟರೆ ಪ್ಯಾರಿಷ್ಷೇ ಬದಲಾಗಿಬಿಡುತ್ತಿತ್ತು. 1911ರಲ್ಲಿ ಒಂದು ಪ್ಯಾರಿಷ್, ಸೈನ್ಯಕ್ಕೆ ಸೇರುವಾಗ ಇನ್ನೊಂದು, ಸ್ಮಾರಕ ಕಟ್ಟುವಾಗ ತಂದೆತಾಯಿ ಮೂರನೆಯದರಲ್ಲಿ. ಅದಕ್ಕೇ ಒಬ್ಬನೇ ಎರಡು ಮೂರು ಸ್ಮಾರಕಗಳ ಮೇಲೆ ಇರುತ್ತಾನೆ, ಕೆಲವೊಮ್ಮೆ ಒಂದರ ಮೇಲೂ ಇರುವುದಿಲ್ಲ. 1915ರ ಮೌಲ್ಯಮಾಪನ ಪಟ್ಟಿಯೂ (ತೆರಿಗೆಗಾಗಿ ಮನೆ, ಜಮೀನುಗಳ ಬೆಲೆ ಕಟ್ಟಿದ ದಾಖಲೆ) ಸ್ಕಾಟ್ಲೆಂಡ್ಸ್‌ಪೀಪಲ್ ತಾಣದಲ್ಲಿದೆ. ಯುದ್ಧಕಾಲದಲ್ಲಿ ಯಾವ ಮನೆಯಲ್ಲಿ ಯಾರಿದ್ದರು ಎಂಬುದಕ್ಕೆ ಅದನ್ನು ನೋಡಿ.

ಈಗ ಸೈನ್ಯದ ಕಡೆ. ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಪಟ್ಟಿಯಲ್ಲಿ 1914ರ ಆಗಸ್ಟ್ 4ರಿಂದ 1921ರ ಆಗಸ್ಟ್ 31ರವರೆಗಿನ ಸಾವುಗಳಿವೆ. ಕೆಲವರ ಮುಂದೆ ‘ಇಂಥವರ ಮಗ, ಇಂಥ ವಿಳಾಸ’ ಎಂದಿರುತ್ತದೆ. ಯುದ್ಧದ ನಂತರ ಕುಟುಂಬಗಳಿಗೆ ಕಳಿಸಿದ ಫಾರಂ ತುಂಬಿ ಕೊಟ್ಟದ್ದು ಅದು. ಅಂದರೆ ವಿಳಾಸ ಯುದ್ಧಾನಂತರದ್ದು, ಹುಡುಗ ಬೆಳೆದ ಮನೆಯದೇ ಆಗಬೇಕೆಂದಿಲ್ಲ. ಫಾರಂ ವಾಪಸು ಕಳಿಸದವರ ಜಾಗ ಖಾಲಿ. 1921ರಲ್ಲಿ ಅಚ್ಚಾದ ‘ಸೋಲ್ಜರ್ಸ್ ಡೈಡ್ ಇನ್ ದ ಗ್ರೇಟ್ ವಾರ್’ ಸಂಪುಟಗಳಲ್ಲಿ ಹುಟ್ಟಿದ ಊರು ಮತ್ತು ಸೇರಿದ ಊರು ಇರುತ್ತವೆ. ಸೇರಿದ ಊರೆಂದರೆ ಭರ್ತಿ ಕಚೇರಿ ಇದ್ದ ಊರು ಅಷ್ಟೆ, ಅದನ್ನು ಮನೆಯೆಂದು ಓದಬೇಡಿ. ನೌಕಾಪಡೆಯವರು ಈ ಸಂಪುಟಗಳಲ್ಲಿಲ್ಲ.

ಸೇವಾ ಕಡತ ಸಿಕ್ಕರೆ ಅದೃಷ್ಟ. 1940ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಉಗ್ರಾಣಕ್ಕೆ ಬಾಂಬ್ ಬಿದ್ದು ಸಾಮಾನ್ಯ ಸಿಪಾಯಿಗಳ ಕಡತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸುಟ್ಟುಹೋದವು. ಉಳಿದವು ಲಂಡನ್ನಿನ ಕ್ಯೂ ಎಂಬಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿವೆ, ಅಂಚು ಕರಕಲಾಗಿ, ನೀರು ಕುಡಿದು. ತಮಾಷೆಯೆಂದರೆ, ಕೆನಡಾಕ್ಕೋ ಆಸ್ಟ್ರೇಲಿಯಾಕ್ಕೋ ವಲಸೆ ಹೋಗಿ ಅಲ್ಲಿನ ಸೈನ್ಯ ಸೇರಿದವನ ಕಡತ ಇಡಿಯಾಗಿ, ಉಚಿತವಾಗಿ ಆನ್‌ಲೈನಿನಲ್ಲಿದೆ. ಊರಲ್ಲೇ ಉಳಿದವನದು ಬೂದಿ. ಬ್ರಿಟಿಷ್ ಪಟ್ಟಿಗಳಲ್ಲಿ ಸಿಗದ ಹೆಸರನ್ನು ಮೊದಲು ಆ ಎರಡು ದೇಶಗಳ ಆರ್ಕೈವ್‌ಗಳಲ್ಲಿ ಹುಡುಕಿ.

ನಂಬರನ್ನೂ ಮನೆಯನ್ನೂ ಬೆಸೆಯುವ ಕಾಗದಗಳಲ್ಲಿ ಮೊದಲನೆಯದು ಸಿಪಾಯಿಯ ಉಯಿಲು. ಸಂಬಳದ ಪುಸ್ತಕದಲ್ಲಿ ಅದಕ್ಕೆಂದೇ ಒಂದು ಪುಟವಿತ್ತು. ನ್ಯಾಷನಲ್ ರೆಕಾರ್ಡ್ಸ್ ಆಫ್ ಸ್ಕಾಟ್ಲೆಂಡಿನಲ್ಲಿ ಇಂಥ ಸುಮಾರು 31,000 ಉಯಿಲುಗಳಿವೆ, ಬಹುಪಾಲು ಮೊದಲ ಮಹಾಯುದ್ಧದವು. ಹೆಚ್ಚಿನವು ನಾಲ್ಕೈದು ಸಾಲಿನವು: ನಾನು ಸತ್ತರೆ ನನ್ನದೆಲ್ಲವೂ ನನ್ನ ತಾಯಿಗೆ, ಅವಳ ಹೆಸರು, ವಿಳಾಸ, ಕೆಳಗೆ ಸಹಿ, ನಂಬರು, ರೆಜಿಮೆಂಟ್, ತಾರೀಖು. ಆ ತಾಯಿ 1911ರ ಜನಗಣತಿಯಲ್ಲಿ ನಿಮ್ಮ ಪಟ್ಟಿಯ ಮನೆಯಲ್ಲಿ ಇದ್ದರೆ ಕೆಲಸ ಮುಗಿಯಿತು.

ಎರಡನೆಯದು ನ್ಯಾಷನಲ್ ಆರ್ಮಿ ಮ್ಯೂಸಿಯಂನ ‘ಸೋಲ್ಜರ್ಸ್ ಎಫೆಕ್ಟ್ಸ್’ ಲೆಡ್ಜರು. ಸತ್ತವನ ಬಾಕಿ ಹಣ ಯಾರ ಕೈಗೆ ಹೋಯಿತು ಎಂಬುದು ಅದರಲ್ಲಿದೆ. ಅದರ ಜೊತೆಗೇ ಯುದ್ಧ ಇನಾಮಿನ (ಸೇವೆಯ ಅವಧಿಗೆ ತಕ್ಕಂತೆ ಕೊಟ್ಟ ಹಣ) ಮೊತ್ತ, ಇದರಿಂದ ಅವನು ಸೈನ್ಯ ಸೇರಿದ ತಿಂಗಳನ್ನು ಲೆಕ್ಕ ಹಾಕಬಹುದು. ಸಮುದ್ರದಾಚೆ ಸೇವೆ ಮಾಡಿದ ಪ್ರೈವೇಟ್ (ಅತಿ ಕೆಳದರ್ಜೆಯ) ಸಿಪಾಯಿಗೆ ಮೊದಲ 12 ತಿಂಗಳಿಗೆ 5 ಪೌಂಡ್, ನಂತರದ ಪ್ರತಿ ತಿಂಗಳಿಗೆ 10 ಶಿಲಿಂಗ್, ತಿಂಗಳ ತುಣುಕೂ ಪೂರ್ತಿ ತಿಂಗಳೇ. ಇನಾಮು 8 ಪೌಂಡ್ 10 ಶಿಲಿಂಗ್ ಎಂದುಕೊಳ್ಳಿ. 5 ಪೌಂಡ್ ಕಳೆದರೆ 70 ಶಿಲಿಂಗ್ (ಆಗ ಒಂದು ಪೌಂಡಿಗೆ 20 ಶಿಲಿಂಗ್), ಅಂದರೆ 7 ತಿಂಗಳು, ಒಟ್ಟು 19. ಸತ್ತದ್ದು 1916ರ ನವೆಂಬರ್ 13ರಂದಾದರೆ ಸೇರಿದ್ದು 1915ರ ಏಪ್ರಿಲ್ ಮಧ್ಯದಿಂದ ಮೇ ಮಧ್ಯದೊಳಗೆ. ಉದಾಹರಣೆಗೆ, ಯುದ್ಧ ಶುರುವಾದ ವಾರವೇ ಸೇರಿದನೆಂದು ಪತ್ರಿಕೆಯೊಂದು ಬರೆದಿದ್ದ ಮ್ಯಾಕ್‌ಡೊನಾಲ್ಡ್ ಇವನಲ್ಲ ಎಂದಾಯಿತು. ಇನಾಮು ಬರೀ 3 ಪೌಂಡ್ ಇದ್ದರೆ ಈ ಲೆಕ್ಕ ನಡೆಯದು, ಅದು ಕನಿಷ್ಠ ದರ.

ನಂಬರಿನಲ್ಲೂ ಒಂದು ಬಲೆಯಿದೆ. 1917ರ ಆರಂಭದಲ್ಲಿ ಟೆರಿಟೋರಿಯಲ್ ಪಡೆಯವರ (ಅರೆಕಾಲಿಕ ಸ್ವಯಂಸೇವಕ ಸೈನಿಕರ) ನಾಲ್ಕಂಕಿ ನಂಬರುಗಳನ್ನು ತೆಗೆದು ಹೊಸ, ಬಹುಮಟ್ಟಿಗೆ ಆರಂಕಿಯ ನಂಬರು ಕೊಟ್ಟರು. 1915ರ ಪತ್ರಿಕೆಯಲ್ಲಿ ಒಂದು, ಪದಕ ಕೊಟ್ಟದ್ದನ್ನು ಬರೆದಿಟ್ಟ ಸೈನ್ಯದ ಕಾರ್ಡಿನಲ್ಲಿ ಇನ್ನೊಂದು ಎಂದು ಒಬ್ಬನನ್ನು ಇಬ್ಬರನ್ನಾಗಿ ಮಾಡುವವರು ಬಹಳ. ಹೈಲ್ಯಾಂಡ್ ರೆಜಿಮೆಂಟುಗಳಲ್ಲಿ ನಂಬರಿಗೆ ಮೊದಲು ‘ಎಸ್/’ ಇದ್ದರೆ ಅವನು ಯುದ್ಧ ಮುಗಿಯುವವರೆಗೆ ಎಂದು ಸೇರಿದವನು. ಅದು ಇದೆ, ಇಲ್ಲ ಎಂಬುದು ಇಬ್ಬರ ನಡುವೆ ವ್ಯತ್ಯಾಸ ಹೇಳುತ್ತದೆ, ಅಳಿಸಬೇಡಿ.

ಪತ್ರಿಕೆ ಹುಡುಕುವಾಗ ಸತ್ತ ವಾರದ ಸಂಚಿಕೆ ನೋಡಿ ಕೈಚೆಲ್ಲುವುದು ಸಾಮಾನ್ಯ ತಪ್ಪು. ಅಧಿಕಾರಿಯ ಮನೆಗೆ ತಂತಿ ಬರುತ್ತಿತ್ತು, ಸಿಪಾಯಿಯ ಮನೆಗೆ ಅಂಚೆಯಲ್ಲಿ ಒಂದು ಫಾರಂ. ಎರಡರಿಂದ ಎಂಟು ವಾರ ಮುಂದಕ್ಕೆ ನೋಡಿ, ‘ಕಾಣೆ’ ಆದವನಾದರೆ ಆರು ತಿಂಗಳಿಗೂ ಮುಂದೆ. ಮರುವರ್ಷ ಅದೇ ತಾರೀಖಿನ ಸ್ಮರಣೆ ಅಂಕಣವನ್ನೂ ತಪ್ಪಿಸಬೇಡಿ. ಅಕ್ಕತಂಗಿಯರ ಹೆಸರು, ವಿಳಾಸ ಸಿಗುವುದು ಅಲ್ಲೇ.

ಊರಿನ ಕಲ್ಲಿನ ಮೇಲೆ ‘ಇಂಡಿಯನ್ ಆರ್ಮಿ’ ಎಂದಿದ್ದರೆ ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಿಗೆ ಹೋಗಬೇಕು. ಕಮಿಷನ್ ಪಟ್ಟಿಯಲ್ಲಿ ಅವನ ಹೆಸರು ಚೆನ್ನೈನ ಮದ್ರಾಸ್ 1914–1918 ಸ್ಮಾರಕದಲ್ಲಿದೆ ಎಂದಿದ್ದರೆ ಅವನು ಚೆನ್ನೈಯಲ್ಲೇ ಸತ್ತನೆಂದು ಬರೆಯಬೇಡಿ. ಕಾಯಂ ಆಗಿ ನೋಡಿಕೊಳ್ಳಲಾಗದ ದಂಡು ಪ್ರದೇಶದ ಗೋರಿಗಳ ಹೆಸರುಗಳನ್ನು ಅಲ್ಲಿ ಒಟ್ಟುಗೂಡಿಸಿದ್ದಾರೆ. ಬೆಂಗಳೂರು ದಂಡಿನಲ್ಲಿದ್ದವನನ್ನು ಹುಡುಕುವಾಗಲೂ ಆ ಪಟ್ಟಿ ನೋಡಿ.

ಮನುಷ್ಯ ಖಚಿತವಾದ ಮೇಲೆ ಜಾಗ. ಬೆಟಾಲಿಯನ್ನಿನ ಯುದ್ಧ ದಿನಚರಿಯಲ್ಲಿ ಅಧಿಕಾರಿಗಳ ಹೆಸರಿರುತ್ತದೆ, ಸಿಪಾಯಿಗಳು ಬರೀ ಸಂಖ್ಯೆ. ಆದರೆ ಯುದ್ಧದ ನಂತರ ದೇಹವನ್ನು ಬೇರೆಡೆಯಿಂದ ತಂದು ಹೂಳಿದ್ದರೆ ಕಮಿಷನ್ ತಾಣದಲ್ಲಿ ಅವನ ಪುಟದಡಿ ಸ್ಥಳಾಂತರ ವರದಿ ಸಿಗಬಹುದು, ಗುರುತು ಹಿಡಿದದ್ದು ಹೇಗೆ ಎಂಬುದರ ಸಮೇತ: ಕೊರಳ ಬಿಲ್ಲೆ, ನಂಬರು ಕೊರೆದ ಚಮಚ. ದೇಹ ಸಿಕ್ಕ ಜಾಗವನ್ನು 57ಡಿ.ಕ್ಯೂ.10.ಬಿ.5.3 ಎಂಬಂಥ ಸಂಕೇತದಲ್ಲಿ ಬರೆದಿರುತ್ತಾರೆ. 57ಡಿ ಎಂದರೆ ನಕ್ಷೆಯ ಹಾಳೆ. 1916ರ ನವೆಂಬರ್ 13ರಂದು 51ನೇ ಹೈಲ್ಯಾಂಡ್ ಡಿವಿಷನ್ ಹಿಡಿದ ಬೋಮಾಂಟ್ ಹಮೆಲ್ ಇದೇ ಹಾಳೆಯಲ್ಲಿದೆ. ಕ್ಯೂ ಅದರ ದೊಡ್ಡ ಚೌಕ, 10 ಅದರೊಳಗಿನ ಸಾವಿರ ಗಜದ ಚೌಕ, ಬಿ ಅದರ ಕಾಲುಭಾಗ. ಕೊನೆಯ ಎರಡು ಅಂಕಿಗಳಲ್ಲಿ ಮೊದಲನೆಯದು ಪೂರ್ವಕ್ಕೆ, ಎರಡನೆಯದು ಉತ್ತರಕ್ಕೆ, ಒಂದೊಂದು ಅಂಕಿಗೆ 50 ಗಜ. ನ್ಯಾಷನಲ್ ಲೈಬ್ರರಿ ಆಫ್ ಸ್ಕಾಟ್ಲೆಂಡಿನ ತಾಣದಲ್ಲಿ ಕಂದಕದ ನಕ್ಷೆಗಳು ಉಚಿತವಾಗಿವೆ. ಅಲ್ಲಿ ಆ ಚೌಕವನ್ನು ಇಂದಿನ ನಕ್ಷೆಯ ಮೇಲೆ ಕೂಡಿಸಿ ನೋಡಬಹುದು.

ಇಷ್ಟಾದ ಮೇಲೂ ಇಬ್ಬರು ಉಳಿದರೆ ಇಬ್ಬರನ್ನೂ ನಂಬರು ಸಮೇತ ಬರೆದಿಡಿ, ಯಾವ ಕಾಗದ ಯಾರ ಪರ ಎಂದೂ ಬರೆಯಿರಿ. ಒಬ್ಬನನ್ನು ಊಹೆಯಿಂದ ಆರಿಸಿ ಪ್ರಕಟಿಸಿದರೆ ಅದನ್ನು ನಾಳೆ ಇನ್ನೊಬ್ಬರು ನಕಲು ಮಾಡುತ್ತಾರೆ, ನಾಡಿದ್ದು ಅದೇ ನಿಮಗೆ ಪುರಾವೆಯಾಗಿ ಎದುರಾಗುತ್ತದೆ.