ಗೋಡೆ ಮೇಲೆ ಕಂಚಿನ ಫಲಕ ಇದ್ದರೆ ಕಟ್ಟಡ ಉಳಿಯುತ್ತಾ?

ಪ್ರಶ್ನೆ: ಡೆಟ್ರಾಯಿಟ್ ಹತ್ತಿರ ಇರುವ ಮಗನ ಮನೆಗೆ ಹೋಗಿದ್ದೆವು. ಊರು ಸುತ್ತುವಾಗ ಒಂದು ಹಳೇ ಕಟ್ಟಡದ ಗೋಡೆಯಲ್ಲಿ ಕಂಚಿನ ಫಲಕ ಕಂಡಿತು. ‘ನ್ಯಾಷನಲ್ ರಿಜಿಸ್ಟರ್ ಆಫ್ ಹಿಸ್ಟಾರಿಕ್ ಪ್ಲೇಸಸ್’, ಅಂದರೆ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೆ ಸೇರಿದೆ ಅಂತ ಬರೆದಿತ್ತು. ಕಟ್ಟಡ ಮಾತ್ರ ಪಾಳುಬಿದ್ದಿತ್ತು. ಪಟ್ಟಿಗೆ ಸೇರಿದ ಮೇಲೆ ಅದನ್ನು ಯಾರೂ ಕೆಡವುವ ಹಾಗಿಲ್ಲ, ಅಲ್ವಾ?

ಉತ್ತರ: ಕೆಡವಬಹುದು. ಮಾಲೀಕ ತನ್ನ ಕೈಯಿಂದಲೇ ಖರ್ಚು ಹಾಕಿ ಕೆಡವಲು ಹೊರಟರೆ ಆ ಫಲಕ ಅವನನ್ನು ತಡೆಯಲ್ಲ.

ಮಕ್ಕಳ ಮನೆಗೆ ಅಂತ ಅಮೆರಿಕಕ್ಕೆ ಹೋಗಿ ಬಂದವರು ಜಾಸ್ತಿ ಕೇಳುವ ಪ್ರಶ್ನೆ ಇದು. ನಮಗೆ ಈ ಗೊಂದಲ ಆಗುವುದು ಸಹಜ. ಹಳೇ ದೇವಸ್ಥಾನದ ಮುಂದೆ ಪುರಾತತ್ವ ಇಲಾಖೆಯ ನೀಲಿ ಬೋರ್ಡು ನೋಡಿಕೊಂಡು ಬೆಳೆದವರು ನಾವು. ಆ ಬೋರ್ಡು ಇದ್ದ ಕಡೆ ಒಂದು ಕಲ್ಲು ಅಲ್ಲಾಡಿಸುವಂತಿಲ್ಲ, ಸುತ್ತ 100 ಮೀಟರ್ ಒಳಗೆ ಹೊಸ ಮನೆ ಕಟ್ಟುವಂತಿಲ್ಲ. ಅದೇ ಲೆಕ್ಕವನ್ನು ಅಲ್ಲಿಗೂ ಹಾಕಿಬಿಡುತ್ತೇವೆ.

ಅಲ್ಲಿಯ ಪಟ್ಟಿ ಶುರುವಾಗಿದ್ದು 1966ರ ಒಂದು ಕಾನೂನಿನಿಂದ. ಅದಕ್ಕೆ ಮೂರು ವರ್ಷ ಮುಂಚೆ ನ್ಯೂಯಾರ್ಕಿನಲ್ಲಿ ಪೆನ್ಸಿಲ್ವೇನಿಯಾ ಸ್ಟೇಷನ್ ಅನ್ನುವ ಅರಮನೆಯಂಥ ರೈಲು ನಿಲ್ದಾಣವನ್ನು ಕೆಡವಲು ಕೈ ಹಾಕಿದ್ದರು. ಜನ ಬೀದಿಗಿಳಿದರು. ತಡೆಯಲು ಕಾನೂನೇ ಇರಲಿಲ್ಲ. ಆ ಸಿಟ್ಟೂ ಸೇರಿ ಹುಟ್ಟಿದ ಕಾನೂನು ಇದು. ಆದರೆ ಇದು ಕಟ್ಟಿಹಾಕುವುದು ಕೇಂದ್ರ ಸರ್ಕಾರವನ್ನು ಮಾತ್ರ. ಸರ್ಕಾರದ ದುಡ್ಡು, ಲೈಸೆನ್ಸು ಅಥವಾ ಅನುಮತಿ ಬೇಕಾದ ಯಾವುದೇ ಕೆಲಸದಿಂದ ಇಂಥ ಕಟ್ಟಡಕ್ಕೆ ಪೆಟ್ಟು ಬೀಳುವ ಹಾಗಿದ್ದರೆ, ಮೊದಲು ನಿಂತು ಪರಿಶೀಲಿಸಬೇಕು, ಸಂಬಂಧಪಟ್ಟವರನ್ನು ಕೂರಿಸಿ ಮಾತಾಡಬೇಕು. ಇದಕ್ಕೆ ‘ಸೆಕ್ಷನ್ 106’ ಅನ್ನುತ್ತಾರೆ. ಮಾತಾಡಿದ ಮೇಲೂ ‘ಸರಿ, ಕೆಡವೋಣ’ ಅಂತಲೇ ತೀರ್ಮಾನ ಆಗಬಹುದು. ಖಾಸಗಿಯವರ ಖಾಸಗಿ ದುಡ್ಡಿಗೆ ಈ ಸೆಕ್ಷನ್ ಲಾಗೂ ಆಗುವುದಿಲ್ಲ.

ನೀವು ನೋಡಿದ ಊರಲ್ಲೇ ಉದಾಹರಣೆ ಇದೆ. ಟೈಗರ್ ಸ್ಟೇಡಿಯಂ ಅನ್ನುವ ಬೇಸ್‌ಬಾಲ್ ಮೈದಾನ 1989ರಲ್ಲಿ ಈ ಪಟ್ಟಿಗೆ ಸೇರಿತು. ಕೊನೆಯ ಪಂದ್ಯ 1999ರ ಸೆಪ್ಟೆಂಬರಿನಲ್ಲಿ ಆಯಿತು. 2008–09ರಲ್ಲಿ ಸ್ಟೇಡಿಯಂ ನೆಲಸಮ. ಪಟ್ಟಿಯಲ್ಲಿ ಹೆಸರಿತ್ತು, ನೆಲದ ಮೇಲೆ ಏನೂ ಇರಲಿಲ್ಲ.

ಹಾಗಾದರೆ ತಡೆಯುವುದು ಯಾರು? ನಗರದ ಸ್ಥಳೀಯ ಕಾನೂನು. ಡೆಟ್ರಾಯಿಟ್ ಇರುವ ಮಿಷಿಗನ್ ರಾಜ್ಯ 1970ರಲ್ಲಿ ಒಂದು ಕಾಯ್ದೆ ತಂದಿತು. ಅದರಡಿ ನಗರಗಳು ತಮ್ಮ ಬಡಾವಣೆಗಳನ್ನು ‘ಹಿಸ್ಟಾರಿಕ್ ಡಿಸ್ಟ್ರಿಕ್ಟ್’ (ಐತಿಹಾಸಿಕ ಪ್ರದೇಶ) ಅಂತ ಘೋಷಿಸಬಹುದು. ಐರ್ಲೆಂಡಿನ ಕಾರ್ಕ್ ಕಡೆಯಿಂದ ಬಂದವರು ನೆಲೆಸಿದ ಕಾರ್ಕ್‌ಟೌನ್ ಅಂಥದೊಂದು ಬಡಾವಣೆ. ಇಂಥ ಕಡೆ ಮನೆಯ ಮುಂದಿನ ಹಳೇ ಮರದ ಕಿಟಕಿ ಕಿತ್ತು ಪ್ಲಾಸ್ಟಿಕ್ ಕಿಟಕಿ ಹಾಕಬೇಕು ಅಂದರೂ ಇದಕ್ಕೆಂದೇ ಇರುವ ನಗರದ ಆಯೋಗದ ಒಪ್ಪಿಗೆ ಬೇಕು. ಕೆಡವುವುದು ಇನ್ನೂ ಕಷ್ಟ. ಕಟ್ಟಡದಿಂದ ಜನರಿಗೆ ಅಪಾಯ ಇದೆ, ಅಥವಾ ಮಾಲೀಕನಿಗೆ ತಡೆಯಲಾಗದ ನಷ್ಟ, ಅಥವಾ ಊರಿಗೇ ಉಪಯೋಗ ಆಗುವ ದೊಡ್ಡ ಯೋಜನೆಗೆ ಅದು ಅಡ್ಡ ಅಂತೆಲ್ಲ ತೋರಿಸಿದರೆ ಮಾತ್ರ ದಾರಿ ಬಿಡುತ್ತಾರೆ. ರಿಪೇರಿ ಮಾಡಿಸದೆ ಸುಮ್ನೆ ಬಿಟ್ಟು, ಮಳೆ ಹಿಮ ಕುಡಿಸಿ, ತಾನಾಗಿಯೇ ಬೀಳಲಿ ಅಂತ ಕಾಯುವ ಮಾಲೀಕರೂ ಇರುತ್ತಾರಲ್ಲ, ಅವರನ್ನೂ ಕಾಯ್ದೆ ಗಮನಿಸಿದೆ. ಆಯೋಗ ರಿಪೇರಿಗೆ ಆದೇಶ ಕೊಡಬಹುದು, ನಗರವೇ ಮಾಡಿಸಿ ಖರ್ಚು ವಸೂಲಿ ಮಾಡಬಹುದು. ಇದೆಲ್ಲ ಕಾಗದದ ಮೇಲೆ. ಖಜಾನೆಯೇ ಖಾಲಿ ಇರುವ ನಗರ ಇನ್ನೊಬ್ಬರ ಸೂರು ಎಲ್ಲಿಂದ ರಿಪೇರಿ ಮಾಡಿಸೀತು?

ಡೆಟ್ರಾಯಿಟ್‌ನ ಖಜಾನೆ ನಿಜಕ್ಕೂ ಖಾಲಿ ಆಗಿತ್ತು. 1950ರಲ್ಲಿ ಊರಿನ ಜನಸಂಖ್ಯೆ 18 ಲಕ್ಷ ದಾಟಿತ್ತು. 2020ರ ಗಣತಿಯಲ್ಲಿ ಸಿಕ್ಕಿದ್ದು 6.39 ಲಕ್ಷ. ಮೂರರಲ್ಲಿ ಎರಡು ಪಾಲು ಜನ ಇಲ್ಲವಾದರು. ಕಾರ್ಖಾನೆ ಹೊರಗೆ ಹೋದವು, ಬಿಳಿಯರು ಉಪನಗರಗಳಿಗೆ ಹೋದರು, ತೆರಿಗೆ ಕಟ್ಟುವವರು ಕಡಿಮೆಯಾದರು. 2013ರ ಜುಲೈನಲ್ಲಿ ನಗರವೇ ದಿವಾಳಿ ಅರ್ಜಿ ಹಾಕಿತು. ನಮ್ಮ ಕನ್ನಡದವರು ಎಷ್ಟೋ ಜನ ಕಾರು ಕಂಪನಿಗಳಲ್ಲಿ ಕೆಲಸ ಮಾಡುತ್ತಾ ಟ್ರಾಯ್, ನೋವೈ ಕಡೆ ಇದ್ದಾರೆ. ‘ಡೆಟ್ರಾಯಿಟ್‌ನಲ್ಲಿದ್ದೀವಿ’ ಅಂತ ಅವರು ಹೇಳುವುದು ಈ ಉಪನಗರಗಳನ್ನೇ.

ಈಗ ರೈಲು ನಿಲ್ದಾಣದ ಕಥೆಗೆ ಬರುತ್ತೇನೆ. ನಿಮ್ಮ ಪ್ರಶ್ನೆಯ ಎಲ್ಲ ಎಳೆಗಳೂ ಅಲ್ಲಿ ಒಂದೇ ಕಡೆ ಸಿಗುತ್ತವೆ.

ಮಿಷಿಗನ್ ಸೆಂಟ್ರಲ್ ಸ್ಟೇಷನ್ 1913ರ ಡಿಸೆಂಬರಿನಲ್ಲಿ ತೆರೆಯಿತು. ಕಾರ್ಕ್‌ಟೌನ್ ಪಕ್ಕ, ಹಿಂದೆ 18 ಮಹಡಿಯ ಕಚೇರಿ ಗೋಪುರ, ಮುಂದೆ ರೋಮಿನ ಸ್ನಾನಗೃಹಗಳ ಮಾದರಿಯ ಎತ್ತರದ ಕಾಯುವ ಹಾಲ್. ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ಕಟ್ಟಿದ ವಾಸ್ತುಶಿಲ್ಪಿಗಳದೇ ಕೈಚಳಕ. 1975ರಲ್ಲಿ ನ್ಯಾಷನಲ್ ರಿಜಿಸ್ಟರ್ ಸೇರಿತು. 1988ರ ಜನವರಿಯಲ್ಲಿ ಕೊನೆಯ ರೈಲು ಹೋಯಿತು. ಆಮೇಲೆ ಮೂವತ್ತು ವರ್ಷ ಅದಕ್ಕೆ ಹೇಳೋರು ಕೇಳೋರು ಇರಲಿಲ್ಲ. ತಾಮ್ರ ಕಿತ್ತರು, ಅಮೃತಶಿಲೆ ಕಿತ್ತರು, ದೀಪ ಕಿತ್ತರು, ಗೋಡೆ ತುಂಬ ಗೀಚಿದರು. ನೆಲಮಾಳಿಗೆ ಕೆರೆಯಾಯಿತು. ಜಗತ್ತಿನ ಎಲ್ಲ ಕಡೆಯಿಂದ ಫೋಟೋ ತೆಗೆಯುವವರು ಬಂದು ‘ಅಮೆರಿಕದ ಅವನತಿ’ ಅಂತ ಚಿತ್ರ ತೆಗೆದುಕೊಂಡು ಹೋದರು. ಊರಿನವರಿಗೆ ಇದು ಎಷ್ಟು ಚುಚ್ಚಿರಬೇಕು ನೋಡಿ. ಬಿದ್ದ ಮನೆ ಮುಂದೆ ನಿಂತು ಬೇರೆಯವರು ಸೆಲ್ಫಿ ತೆಗೆದುಕೊಂಡ ಹಾಗೆ.

2009ರ ಏಪ್ರಿಲ್‌ನಲ್ಲಿ ನಗರ ಸಭೆಯೇ ಅದನ್ನು ಕೆಡವಬೇಕು ಅಂತ ನಿರ್ಣಯ ಮಾಡಿತು. ಅದಕ್ಕೆ ಕೇಂದ್ರದ ಆರ್ಥಿಕ ಉತ್ತೇಜನದ ಹಣ ಬಳಸುವ ಯೋಚನೆ ಇತ್ತು. ಪೇಚಿಗೆ ಸಿಕ್ಕಿದ್ದು ಇಲ್ಲೇ. ಕೇಂದ್ರದ ದುಡ್ಡು ಮುಟ್ಟಿದ ಕೂಡಲೇ 1966ರ ಕಾನೂನು ಎದ್ದು ನಿಲ್ಲುತ್ತದೆ. ಊರಿನ ಒಬ್ಬ ನಿವಾಸಿ ಅದೇ ಕಾನೂನು ಹಿಡಿದು ಕೋರ್ಟಿಗೆ ಹೋದರು. ಕೆಡವುವುದು ಆಗಲೇ ಇಲ್ಲ. ಅಷ್ಟು ದೊಡ್ಡ ಕಟ್ಟಡ ಕೆಡವಲೂ ಭಾರಿ ಖರ್ಚು ಅನ್ನುವುದನ್ನೂ ಮರೆಯಬೇಡಿ. ಬಡತನವೇ ಕಟ್ಟಡ ಉಳಿಸಿತು ಅಂದರೆ ನಗೆ ಬರುತ್ತದೆ, ಆದರೆ ಡೆಟ್ರಾಯಿಟ್‌ನಲ್ಲಿ ಹಾಗೆ ಉಳಿದವು ಬಹಳ ಇವೆ.

2018ರಲ್ಲಿ ಫೋರ್ಡ್ ಕಂಪನಿ ಅದನ್ನು ಕೊಂಡುಕೊಂಡಿತು. ಮೊದಲ ಕೆಲಸ ನೀರು ಹೊರಹಾಕುವುದು. ಸುಮಾರು 35 ಲಕ್ಷ ಗ್ಯಾಲನ್ ಪಂಪ್ ಮಾಡಿದರು. ಕಾಯುವ ಹಾಲಿನ ಕಮಾನು ಛಾವಣಿಗೆ ಗುವಾಸ್ಟವಿನೊ ಅನ್ನುವ ಶೈಲಿಯಲ್ಲಿ ಅಂಟಿಸಿದ 29,000 ಟೈಲ್ಸ್ ಇದ್ದವು. ಮೂವತ್ತು ಚಳಿಗಾಲ ನೆನೆದು ಹೆಪ್ಪುಗಟ್ಟಿದ ಮೇಲೂ ಬದಲಾಯಿಸಬೇಕಾಗಿ ಬಂದಿದ್ದು ಸುಮಾರು 1,300 ಮಾತ್ರ. ಕಳೆದುಹೋದ ಕಲ್ಲಿಗೆ ಜೋಡಿ ಬೇಕಲ್ಲ? 1913ರಲ್ಲಿ ಸುಣ್ಣಕಲ್ಲು ಬಂದಿದ್ದ ಇಂಡಿಯಾನಾದ ಅದೇ ಕ್ವಾರಿ ಮುಚ್ಚಿ ದಶಕಗಳಾಗಿದ್ದವು. ಅದನ್ನು ಮತ್ತೆ ತೆರೆಸಿ ಸುಮಾರು 600 ಟನ್ ತರಿಸಿದರು. ಗಾರೆ ಬಿಚ್ಚುವಾಗ ಒಂದು ಹಳೇ ಬಿಯರ್ ಬಾಟಲಿ ಸಿಕ್ಕಿತು. ಒಳಗೆ ಚೀಟಿ. ಈ ಛಾವಣಿ ಅಂಟಿಸಿದ್ದು ನಾವು ಅಂತ 1913ರ ಜುಲೈ ತಿಂಗಳ ತಾರೀಕು ಹಾಕಿ ಇಬ್ಬರು ಕೆಲಸಗಾರರು ತಮ್ಮ ಹೆಸರು ಬರೆದಿಟ್ಟಿದ್ದರು.

ಇನ್ನೊಂದು ಸಂಗತಿ ಹೇಳಲೇಬೇಕು. ಫೋರ್ಡ್ ಕೊಂಡ ಸುದ್ದಿ ಬಂದ ಸ್ವಲ್ಪ ದಿನಕ್ಕೆ ಒಂದು ಮ್ಯೂಸಿಯಂಗೆ ಅನಾಮಧೇಯ ಕರೆ ಬಂತು. ನಿಲ್ದಾಣದಿಂದ ಕದ್ದ ಗಡಿಯಾರ ವಾಪಸು ಕೊಡಬೇಕು ಅಂತ. ಹೇಳಿದ ಜಾಗಕ್ಕೆ ಹೋಗಿ ನೋಡಿದರೆ ಪಾಳು ಕಟ್ಟಡವೊಂದಕ್ಕೆ ಒರಗಿಸಿ, ಕಂಬಳಿ ಸುತ್ತಿ ಜೋಪಾನವಾಗಿ ಇಟ್ಟಿದ್ದರು. ಇಪ್ಪತ್ತು ವರ್ಷಕ್ಕೂ ಮೇಲೆ ಅದು ಯಾರದೋ ಕೈಯಲ್ಲಿತ್ತು.

2024ರ ಜೂನ್ 6ರಂದು ನಿಲ್ದಾಣ ಮತ್ತೆ ತೆರೆಯಿತು. ಒಂದು ಕಡೆ ಗೀಚಿದ ಗೋಡೆಯನ್ನೂ ಹಾಗೇ ಬಿಟ್ಟಿದ್ದಾರೆ. ರೈಲು ಮಾತ್ರ ಇಲ್ಲಿ ನಿಲ್ಲುವುದಿಲ್ಲ. ಈಗ ಅದು ಕಚೇರಿಗಳ ಕಟ್ಟಡ.

ಇಷ್ಟೆಲ್ಲ ಯಾರಾದರೂ ಸುಮ್ನೆ ಖರ್ಚು ಮಾಡುತ್ತಾರಾ? ಇಲ್ಲ. ನೀವು ನೋಡಿದ ಫಲಕದ ನಿಜವಾದ ಬೆಲೆ ಇಲ್ಲಿದೆ. ರಿಜಿಸ್ಟರ್‌ನಲ್ಲಿರುವ, ಬಾಡಿಗೆ ಅಥವಾ ವ್ಯಾಪಾರದಿಂದ ಆದಾಯ ತರುವ ಕಟ್ಟಡವನ್ನು ನಿಯಮದ ಪ್ರಕಾರ ದುರಸ್ತಿ ಮಾಡಿದರೆ, ಅರ್ಹ ಖರ್ಚಿನ ಶೇ 20ರಷ್ಟನ್ನು ಕಟ್ಟಬೇಕಾದ ಕೇಂದ್ರ ತೆರಿಗೆಯಿಂದ ಕಡಿತ ಮಾಡಿಕೊಳ್ಳಬಹುದು. ಒಂದು ಕೋಟಿ ಡಾಲರ್ ಖರ್ಚಾದರೆ 20 ಲಕ್ಷ. ಅದೂ ಒಂದೇ ಸಲ ಸಿಗಲ್ಲ, ವರ್ಷಕ್ಕೆ 4 ಲಕ್ಷದಂತೆ ಐದು ವರ್ಷ. ನಿಮ್ಮ ಮಗ ತಾನೇ ವಾಸಕ್ಕೆ ಹಳೇ ಮನೆ ಕೊಂಡರೆ ಇದು ಸಿಗುವುದಿಲ್ಲ. ಷರತ್ತೂ ಇದೆ: ಮೂಲ ಹಾಲ್, ಮೆಟ್ಟಿಲು, ಕಿಟಕಿಗಳ ಲಕ್ಷಣ ಕೆಡಿಸುವಂತಿಲ್ಲ. ದೊಡ್ಡ ಹಾಲಿಗೆ ಅಡ್ಡಗೋಡೆ ಹಾಕಿ ಹತ್ತು ಅಂಗಡಿ ಮಾಡಿದರೆ ರಿಯಾಯಿತಿ ಹೋಯಿತು. ಬರೀ ಮುಂಗೋಡೆ ನಿಲ್ಲಿಸಿಕೊಂಡು ಹಿಂದೆ ಪೂರ್ತಿ ಹೊಸದು ಕಟ್ಟುವ ಉಪಾಯವೂ ಇಲ್ಲಿ ನಡೆಯದು. ಬೈದು ತಡೆಯುವುದಕ್ಕಿಂತ ಬೆಲ್ಲ ತೋರಿಸಿ ಕರೆಯುವ ದಾರಿ ಇದು, ನನಗಂತೂ ಇದೇ ಹೆಚ್ಚು ಕೆಲಸ ಮಾಡಿದ ಹಾಗೆ ಕಾಣುತ್ತದೆ.

ಬೆಲ್ಲ ತೋರಿಸಲು ಆಗದೆ ಹೋದ ಕಟ್ಟಡಗಳೂ ಇವೆ. ಹಡ್ಸನ್ಸ್ ಅನ್ನುವ ಭಾರಿ ಡಿಪಾರ್ಟ್‌ಮೆಂಟ್ ಸ್ಟೋರ್ 1983ರಲ್ಲಿ ಮುಚ್ಚಿತು. 1998ರ ಅಕ್ಟೋಬರ್ 24ರಂದು ಸಿಡಿಮದ್ದಿಟ್ಟು ಉರುಳಿಸಿದರು. ಪಕ್ಕದಲ್ಲಿ ಹಾದು ಹೋಗುವ ಮೇಲ್ಸೇತುವೆ ರೈಲಿನ ಹಳಿಗೂ ಪೆಟ್ಟಾಯಿತು. ಜಾಗ ಖಾಲಿಯಾದರೆ ಹೊಸದು ತಾನೇ ಬರುತ್ತದೆ ಅನ್ನುವವರು ಇದನ್ನು ನೋಡಬೇಕು: ಅಲ್ಲಿ ಹೊಸ ಗೋಪುರಕ್ಕೆ ಗುದ್ದಲಿ ಬಿದ್ದದ್ದು 2017ರ ಡಿಸೆಂಬರಿನಲ್ಲಿ. ಹತ್ತೊಂಬತ್ತು ವರ್ಷ ಊರಿನ ಎದೆಯ ಮೇಲೆ ಒಂದು ತೂತು.

ಇನ್ನು ಮಿಷಿಗನ್ ಥಿಯೇಟರ್. 1926ರ ಸಿನಿಮಾ ಅರಮನೆ. ಥಿಯೇಟರ್ ಕೆಡವಿದರೆ ಅಂಟಿಕೊಂಡಿರುವ ಕಚೇರಿ ಕಟ್ಟಡ ಅಲ್ಲಾಡುತ್ತದೆ ಅಂತ ಗೊತ್ತಾಗಿ, 1977ರಲ್ಲಿ ಒಳಗಿನದನ್ನೆಲ್ಲ ತೆಗೆದು ಮಹಡಿ ಮಹಡಿ ಕಾರು ಪಾರ್ಕಿಂಗ್ ಮಾಡಿದರು. ಮೇಲಿನ ಮಹಡಿಯಲ್ಲಿ ಕಾರು ನಿಲ್ಲಿಸಿ ತಲೆ ಎತ್ತಿದರೆ ಚಿತ್ತಾರದ ಗಾರೆ ಛಾವಣಿ, ವೇದಿಕೆಯ ಕಮಾನು, ಹರಿದ ಪರದೆ. ಹೆನ್ರಿ ಫೋರ್ಡ್ 1896ರಲ್ಲಿ ತಮ್ಮ ಮೊದಲ ಗಾಡಿ ಜೋಡಿಸಿದ ಶೆಡ್ ಇದ್ದದ್ದೂ ಇದೇ ಜಾಗದಲ್ಲಿ. ಕಾರು ಹುಟ್ಟಿದ ಕಡೆ ಸಿನಿಮಾ ಮಂದಿರ ಬಂತು, ಸಿನಿಮಾ ಮಂದಿರ ಕಾರಿಗೇ ಸೇರಿತು.

ಸಾಮಾನ್ಯ ಮನೆಗಳ ವಿಷಯ ಬೇರೆ. 2014ರ ನಂತರ ನಗರ ಇಪ್ಪತ್ತು ಸಾವಿರಕ್ಕೂ ಹೆಚ್ಚು ಪಾಳು ಮನೆ ಕೆಡವಿದೆ. 2020ರಲ್ಲಿ ಮತದಾರರೇ ಇದಕ್ಕೆ 25 ಕೋಟಿ ಡಾಲರ್ ಸಾಲಪತ್ರಕ್ಕೆ ಒಪ್ಪಿದರು. ಪಕ್ಕದ ಮನೆ ಸುಟ್ಟು, ಕಿಟಕಿ ಇಲ್ಲದೆ, ರಾತ್ರಿ ಯಾರ್ಯಾರೋ ಬಂದು ಹೋಗುವ ಬೀದಿಯಲ್ಲಿ ಮಕ್ಕಳನ್ನು ಬೆಳೆಸುವವರಿಗೆ ‘ಇದು ಚಂದದ ಹಳೇ ಇಟ್ಟಿಗೆ’ ಅಂದರೆ ಸಿಟ್ಟು ಬರುತ್ತದೆ. ನ್ಯಾಯವೇ. 2024ರಲ್ಲಿ ಹೊರಬಂದ ಅಂದಾಜಿನ ಪ್ರಕಾರ 1957ರ ನಂತರ ಮೊದಲ ಸಲ ಊರಿನ ಜನಸಂಖ್ಯೆ ಏರಿದೆ. ಬಾಡಿಗೆಯೂ ಏರುತ್ತದೆ ಅನ್ನುವ ಭಯವೂ ಅದರ ಜೊತೆಗೇ ಬಂದಿದೆ. 7.5 ಕೋಟಿ ಡಾಲರ್ ಮೀರಿದ, ತೆರಿಗೆ ರಿಯಾಯಿತಿ ಪಡೆಯುವ ಯೋಜನೆಗಳು ನೆರೆಹೊರೆಯವರ ಜೊತೆ ಕೂತು ಮಾತಾಡಬೇಕು ಅಂತ 2016ರಲ್ಲಿ ಮತ ಹಾಕಿ ನಿಯಮ ಮಾಡಿಕೊಂಡದ್ದು ಅದಕ್ಕೇ.

ಯಾವ ಪಟ್ಟಿಗೂ ಸೇರದೆ ಹೋದದ್ದು ಬ್ಲ್ಯಾಕ್ ಬಾಟಮ್. ಬೇರೆ ಕಡೆ ಮನೆ ಸಿಗದೆ ಕಪ್ಪು ಜನ ಒತ್ತೊತ್ತಾಗಿ ಬಾಳಿದ ಬಡಾವಣೆ. ಹೇಸ್ಟಿಂಗ್ಸ್ ಬೀದಿಯಲ್ಲಿ ಅವರದೇ ಅಂಗಡಿ, ಸಂಗೀತದ ಕ್ಲಬ್ಬು. 1950ರ ದಶಕದಲ್ಲಿ ಕೇಂದ್ರದ ‘ನಗರ ನವೀಕರಣ’ದ ದುಡ್ಡಿನಲ್ಲಿ ಅದನ್ನು ಗುಡಿಸಿ ಹಾಕಿದರು. ಒಂದು ಭಾಗದ ಮೇಲೆ ಹೆದ್ದಾರಿ ಬಂತು. ಇನ್ನೊಂದು ಭಾಗದಲ್ಲಿ ವಾಸ್ತುಶಿಲ್ಪಿ ಮೀಸ್ ವಾನ್ ಡರ್ ರೋ ಗಾಜು ಉಕ್ಕಿನ ಲಫಾಯೆಟ್ ಪಾರ್ಕ್ ಅನ್ನುವ ವಸತಿ ಬಡಾವಣೆ ಕಟ್ಟಿದರು. ಪಟ್ಟಿಗೆ ಸೇರಲು ಸಾಮಾನ್ಯವಾಗಿ ಐವತ್ತು ವರ್ಷ ಆಗಿರಬೇಕು. ಲಫಾಯೆಟ್ ಪಾರ್ಕ್ ಅದಕ್ಕೂ ಮುಂಚೆ, 1996ರಲ್ಲೇ ಸೇರಿತು. 2015ರಲ್ಲಿ ಅದಕ್ಕೂ ಮೇಲಿನ ದರ್ಜೆಯ ರಾಷ್ಟ್ರೀಯ ಹೆಗ್ಗುರುತು ಆಯಿತು. ಕಟ್ಟಡಗಳು ಚೆನ್ನಾಗಿವೆ, ಅದರಲ್ಲಿ ಎರಡು ಮಾತಿಲ್ಲ. ಅವು ನಿಂತ ನೆಲದಲ್ಲಿ ಹಿಂದೆ ಇದ್ದದ್ದಕ್ಕೆ ಮಾತ್ರ ಐವತ್ತು ವರ್ಷ ಕಾಯುವ ಅವಕಾಶ ಯಾರೂ ಕೊಡಲಿಲ್ಲ.

ಮುಂದಿನ ಸಲ ಹೋದಾಗ ಫಲಕದ ಕೊನೆ ಸಾಲು ಓದಿ. ‘ಡಿಪಾರ್ಟ್‌ಮೆಂಟ್ ಆಫ್ ದಿ ಇಂಟೀರಿಯರ್’ ಅಂತ ಇದ್ದರೆ ಅದು ಕೇಂದ್ರದ ಪಟ್ಟಿ: ಮಾಲೀಕನಿಗೆ ತೆರಿಗೆ ಆಸೆ ಇದೆ, ಕೆಡವದಂತೆ ತಡೆ ಇಲ್ಲ. ಕಂಬದ ಮೇಲೆ ಹಸಿರು ಹಲಗೆ, ಚಿನ್ನದ ಬಣ್ಣದ ಅಕ್ಷರ ಇದ್ದರೆ ಅದು ಮಿಷಿಗನ್ ರಾಜ್ಯ ಕಥೆ ಹೇಳಲು ನೆಟ್ಟದ್ದು. ಆಯೋಗದ ಕೈಕೆಳಗೆ ಇದೆಯೋ ಇಲ್ಲವೋ ಅನ್ನುವುದು ಗೋಡೆ ನೋಡಿ ಗೊತ್ತಾಗಲ್ಲ. ಬೀದಿಯ ಹೆಸರು ಹೇಳಿ ನಗರದ ಕಚೇರಿಯಲ್ಲೇ ಕೇಳಬೇಕು.