‘ಬೇಕಿದ್ರೆ ಹಾಕಿಸ್ಕೊಳ್ಳಿ’ ಅಂದ್ರೆ ಏನರ್ಥ ಡಾಕ್ಟ್ರೇ?

ಪ್ರಶ್ನೆ: ನನಗೆ 36 ವರ್ಷ. ಹತ್ತು ವರ್ಷದ ಮಗಳಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಹಾಕಿಸಲೇಬೇಕು ಎಂದು ನಮ್ಮ ಡಾಕ್ಟರು ಹೇಳಿದರು. ನನಗೂ ಬೇಕಾ ಎಂದು ಕೇಳಿದ್ದಕ್ಕೆ ‘ಬೇಕಿದ್ರೆ ಹಾಕಿಸ್ಕೊಳ್ಳಿ’ ಎಂದು ಮುಂದಿನ ಪೇಷಂಟನ್ನು ಕರೆದರು. ನಾನು ಏನು ಮಾಡಲಿ?

ಉತ್ತರ: ಆ ಡಾಕ್ಟರ ಮೇಲೆ ಬೇಸರ ಬೇಡ. ಮಗಳ ವಿಷಯದಲ್ಲಿ ಹೇಳಿದಷ್ಟು ಗಟ್ಟಿಯಾಗಿ ನಿಮ್ಮ ವಿಷಯದಲ್ಲಿ ಯಾರೂ ಹೇಳಲಾರರು. ಅದು ಯಾಕೆ ಎಂದು ವಿವರಿಸಲು ಎರಡು ನಿಮಿಷ ಕೊಡಬೇಕಿತ್ತು, ಕೊಡಲಿಲ್ಲ. ತಪ್ಪಿರುವುದು ಅಲ್ಲಿ.

ಎಚ್‌ಪಿವಿ ಲೈಂಗಿಕ ಸಂಪರ್ಕದಿಂದ ಹರಡುವ ವೈರಸ್. ಇದರಲ್ಲಿ ನೂರಕ್ಕೂ ಹೆಚ್ಚು ಬಗೆಗಳಿವೆ. ಗರ್ಭಕಂಠದ ಕ್ಯಾನ್ಸರ್‌ಗಳಲ್ಲಿ ಶೇ 70ರಷ್ಟಕ್ಕೆ 16 ಮತ್ತು 18ನೇ ಬಗೆಗಳೇ ಕಾರಣ. ವೈರಸ್ ಒಳಗೆ ಬಾರದಂತೆ ಲಸಿಕೆ ತಡೆಯುತ್ತದೆ. ಬಂದು ಕೂತದ್ದನ್ನು ಓಡಿಸುವುದಿಲ್ಲ. ಅದಕ್ಕೇ 9ರಿಂದ 14ರ ವಯಸ್ಸು ಪ್ರಶಸ್ತ. ನಿಮ್ಮ ವಯಸ್ಸಿಗೆ ಒಂದೆರಡು ಬಗೆ ಬಂದು, ತಾನಾಗಿಯೇ ಹೋಗಿಯೂ ಇರಬಹುದು. ಯಾವುದು ಇನ್ನೂ ಬಂದಿಲ್ಲವೋ ಅದರ ಮಟ್ಟಿಗೆ ಲಸಿಕೆ ನಿಮಗೂ ಕೆಲಸ ಮಾಡುತ್ತದೆ. ಆದರೆ ಇದುವರೆಗೆ ಯಾವುದು ಬಂದಿದೆ, ಯಾವುದಿಲ್ಲ ಎಂದು ಹೇಳುವ ಪರೀಕ್ಷೆ ನಮ್ಮ ಕೈಯಲ್ಲಿಲ್ಲ.

ಅಮೆರಿಕದಲ್ಲಿ 2018ರಲ್ಲಿ ಈ ಲಸಿಕೆಯ ವಯೋಮಿತಿಯನ್ನು 45ಕ್ಕೆ ಏರಿಸಿದರು. ಆದರೆ ಮರುವರ್ಷವೇ ಅಲ್ಲಿನ ಲಸಿಕಾ ಸಲಹಾ ಸಮಿತಿ, 26ರವರೆಗೆ ಎಲ್ಲರಿಗೂ ಹಾಕಿ, 27ರಿಂದ 45ರವರಿಗೆ ಡಾಕ್ಟರು–ಪೇಷಂಟು ಕೂತು ಮಾತಾಡಿ ತೀರ್ಮಾನಿಸಲಿ ಎಂದಿತು. ನಿಮಗೆ ಸಿಕ್ಕ ‘ಬೇಕಿದ್ರೆ’ ಅಲ್ಲಿಂದ ಬಂದದ್ದು, ಮಾತುಕತೆಯನ್ನು ಮಾತ್ರ ದಾರಿಯಲ್ಲೇ ಕಳೆದುಕೊಂಡು.

ಆ ಮಾತುಕತೆಯಲ್ಲಿ ಕೇಳಬೇಕಾದ ಮುಖ್ಯ ಪ್ರಶ್ನೆ ಒಂದೇ: ಮುಂದೆ ಹೊಸ ಸಂಗಾತಿ ಬರುವ ಸಾಧ್ಯತೆ ಇದೆಯೇ? ಪಕ್ಕದ ಸ್ಟೂಲಿನಲ್ಲಿ ಅತ್ತೆ ಫೈಲು ಹಿಡಿದು ಕೂತಿರುವಾಗ, ಮಂಗಳಸೂತ್ರ ಹಾಕಿಕೊಂಡ ಹೆಣ್ಣುಮಗಳಿಗೆ ಇದನ್ನು ಕೇಳುವವರು ಯಾರು? ನಾನೂ ಕೇಳದೆ ಬಿಟ್ಟದ್ದುಂಟು. ಗಂಡನಿಗೆ ಬೇರೆ ಸಂಬಂಧಗಳಿದ್ದರೆ ಎಂಬ ಪ್ರಶ್ನೆಯನ್ನಂತೂ ನಾಲಿಗೆಯ ತುದಿಗೂ ತಂದುಕೊಳ್ಳುವುದಿಲ್ಲ. ವಿಚ್ಛೇದನವಾಗಿ ಮರುಮದುವೆಗೆ ಹೊರಟವರಿಗೆ, 35 ದಾಟಿದ ಮೇಲೆ ಮೊದಲ ಮದುವೆಯಾಗುವವರಿಗೆ ಲಸಿಕೆಯಿಂದ ಒಳ್ಳೆಯ ಲಾಭವಿರುತ್ತದೆ. ಮುಜುಗರದಲ್ಲಿ ಅವರೇ ತಪ್ಪಿಹೋಗುತ್ತಾರೆ.

ಇನ್ನು ದುಡ್ಡಿನ ಮಾತು. ಪುಣೆಯ ಸೀರಂ ಸಂಸ್ಥೆ ತಯಾರಿಸುವ ಎಚ್‌ಪಿವಿ ಲಸಿಕೆ ಸರ್ವಾವ್ಯಾಕ್‌ನ ಬೆಲೆ ಡೋಸಿಗೆ ಎರಡು ಸಾವಿರದ ಆಸುಪಾಸು, ಆದರೆ 2022ರಲ್ಲಿ ಅದಕ್ಕೆ ಅನುಮತಿ ಸಿಕ್ಕಿದ್ದು 9ರಿಂದ 26ರವರಿಗೆ. ಒಂಬತ್ತು ಬಗೆ ತಡೆಯುವ ವಿದೇಶಿ ಗಾರ್ಡಸಿಲ್ 9 ಅದರ ಹಲವು ಪಟ್ಟು ದುಬಾರಿ. ನಿಮ್ಮ ವಯಸ್ಸಿಗೆ ಆರು ತಿಂಗಳಲ್ಲಿ ಮೂರು ಡೋಸ್ ಬೇಕು. ಖರ್ಚು ಭಾರವಲ್ಲದಿದ್ದರೆ ಹಾಕಿಸಿಕೊಳ್ಳಿ, ನಷ್ಟವಿಲ್ಲ. ಗರ್ಭಿಣಿಯಾಗಿದ್ದರೆ ಹೆರಿಗೆಯವರೆಗೆ ಕಾಯಿರಿ. ಸಂಸಾರದಲ್ಲಿ ಹೊಸದೇನೂ ಇಲ್ಲ, ಇರುವ ಹಣ ಮಗಳ ಡೋಸಿಗೆ ಮಾತ್ರ ಸಾಕು ಎಂದಾದರೆ ಮಗಳಿಗೇ ಹಾಕಿಸಿ.

ನಿಮ್ಮ ಡಾಕ್ಟರು ಕೇಳದ ಇನ್ನೊಂದು ಪ್ರಶ್ನೆಯನ್ನು ನಾನು ಕೇಳುತ್ತೇನೆ: ಪ್ಯಾಪ್ ಸ್ಮಿಯರ್, ಅಂದರೆ ಗರ್ಭಕಂಠದ ಜೀವಕೋಶಗಳನ್ನು ತೆಗೆದು ನೋಡುವ ಪರೀಕ್ಷೆ, ಯಾವಾಗ ಮಾಡಿಸಿದ್ದೀರಿ? ಲಸಿಕೆ ಹಾಕಿಸಿಕೊಂಡರೂ ಇದು ತಪ್ಪಿದ್ದಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 30ರಿಂದ 49ರ ಮಹಿಳೆಯರ ಪೈಕಿ ಒಮ್ಮೆಯಾದರೂ ಗರ್ಭಕಂಠ ಪರೀಕ್ಷೆ ಮಾಡಿಸಿಕೊಂಡವರು ಶೇ 2ನ್ನೂ ಮುಟ್ಟಿರಲಿಲ್ಲ. ಸರ್ಕಾರಿ ತಪಾಸಣೆಯ ವಿಧಾನ ಇನ್ನೂ ಸರಳ: ವಿನೆಗರಿನಂಥ ದ್ರಾವಣವನ್ನು ಹತ್ತಿಯಲ್ಲಿ ಅದ್ದಿ ಗರ್ಭಕಂಠಕ್ಕೆ ಹಚ್ಚಿ ಒಂದು ನಿಮಿಷ ಕಾಯುತ್ತಾರೆ, ತೊಂದರೆಯಿರುವ ಜಾಗ ಬೆಳ್ಳಗಾಗುತ್ತದೆ. ಮಗಳ ಲಸಿಕೆಗೆ ಹೋದ ದಿನವೇ ನಿಮ್ಮ ಪರೀಕ್ಷೆಗೂ ಚೀಟಿ ಮಾಡಿಸಿ. ಮುಟ್ಟಿನ ದಿನ ಆಗಿರಬಾರದು, ಅಷ್ಟೆ.